ಗೋಡೆಯಾಚೆಯ ಬಿಜಲಿ

ಸವಣೂರು
12-9-1957

ಚಮನಬಿಗೆ,

ಕ್ಷೇಮ ಕೇಳಿ ಬರೆಯುವ ಮನಸ್ಸು ನನಗಿಲ್ಲ. ಇಪ್ಪತ್ತು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಬದುಕಿದವಳು ನೀನು. ಮನೆ ಮಾರಿದ್ದನ್ನು ನನಗೆ ಹೇಳಲಿಲ್ಲ. ವೀಳ್ಯದೆಲೆ ಪೇಟೆಯಲ್ಲಿ ಯಾರೋ ಮಾತಾಡುವುದನ್ನು ಕೇಳಿ ನನಗೆ ಗೊತ್ತಾಯಿತು. ಅದಕ್ಕೇ ನೀವು ಲಾರಿ ಹತ್ತಿದ ಬೆಳಗ್ಗೆ ನಾನು ಬಾಗಿಲು ಹಾಕಿಕೊಂಡು ಒಳಗೇ ಕೂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಈ ಪತ್ರ ಬರೆಯುತ್ತಿರುವುದು ನಿನಗಾಗಿ ಅಲ್ಲ, ಬಿಜಲಿಗಾಗಿ.

ನಿಮ್ಮ ಬೆಕ್ಕನ್ನು ಬಿಟ್ಟು ಹೋಗಿದ್ದೀರಿ. ಮೂರು ವಾರದಿಂದ ಅದು ನಿಮ್ಮ ಖಾಲಿ ಮನೆಯ ಅಟ್ಟದ ಮೇಲಿದೆ. ಬೀಬಿ ಆಯಿಯ ತೊಡೆ ಬಿಟ್ಟು ಬೇರೆ ಯಾರ ಹತ್ತಿರವೂ ಹೋಗದ ಪ್ರಾಣಿ ಅದು, ನಿನಗೇ ಗೊತ್ತು. ಕಣ್ಣಿಲ್ಲದ ನಿನ್ನ ಅತ್ತೆ ಅದನ್ನು ಬಿಟ್ಟು ಹೇಗಿದ್ದಾರೆ ಎಂದು ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ. ಈಗ ಅದಕ್ಕೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ. ಮನೆ ಕೊಂಡ ಗುದ್ಲೆಪ್ಪನ ಆಳುಗಳು ಕಲ್ಲು ಬೀಸಿ ಅದನ್ನು ಪೂರಾ ಕಾಡು ಬೆಕ್ಕು ಮಾಡಿಟ್ಟಿದ್ದಾರೆ. ಹರಿದ ಕಿವಿ, ಬೂದಿ ಪಟ್ಟೆ ಇವೆರಡು ಇಲ್ಲದಿದ್ದರೆ ನಾನೂ ಗುರುತು ಹಿಡಿಯುತ್ತಿರಲಿಲ್ಲ.

ಗುದ್ಲೆಪ್ಪ ಸಂಕ್ರಾಂತಿ ಆದ ಮೇಲೆ ಮಾಳಿಗೆ ಇಳಿಸಿ ಮನೆ ಕೆಡವುತ್ತಾನಂತೆ. ಅಷ್ಟರೊಳಗೆ ಬಿಜಲಿಯನ್ನು ನನ್ನ ಮನೆಯೊಳಗೆ ತರುತ್ತೇನೆ. ನನ್ನ ಎರಡು ಬೆಕ್ಕು ಒಪ್ಪಲಿ ಬಿಡಲಿ, ನನ್ನ ಯಜಮಾನರು ಒಪ್ಪಲಿ ಬಿಡಲಿ, ತಂದೇ ತರುತ್ತೇನೆ.

ಇನ್ನೊಂದು ಮಾತು. ನೀವು ಹೋದ ದಿನದಿಂದಲೇ ನನ್ನ ಮೂರನೆಯ ಬೆಕ್ಕು, ಹಳದಿ ಕೆಂಚಿ, ಕಾಣುತ್ತಿಲ್ಲ. ಅವಳ ತಾಯಿ ಕರಿಯವ್ವ ಮೂಲೆ ಮೂಲೆ ಹುಡುಕಿ ಕೂಗುತ್ತಿದ್ದಾಳೆ. ಕೆಂಚಿ ನಿಮ್ಮ ಒಲೆಯ ಬೂದಿಯಲ್ಲಿ ಮಲಗುತ್ತಿದ್ದಳಲ್ಲ, ಆ ದಿನ ಬೆಳಗ್ಗೆ ಕಂಡಿದ್ದಳೇನು? ಕಂಡಿದ್ದರೆ ಬರಿ.

ಇಂತಿ,
ಶೇಖವ್ವ


ಹಾನಗಲ್ಲು
25-9-1957

ಶೇಖಕ್ಕನಿಗೆ ಸಲಾಂ.

ನಿನ್ನ ಅಕ್ಷರ ಕಂಡು ಅತ್ತೆ, ನಾನು ಇಬ್ಬರೂ ಹಿಗ್ಗಿದೆವು. ಅದರೊಳಗಿನ ಬೈಗುಳ ಓದಿ ಹೇಳಿದಾಗಲೂ ಅತ್ತೆ ನಕ್ಕರು. ಇವರಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಹೊಂದಿಕೊಂಡಿದೆ. ಮನೆ ಸಣ್ಣದು, ನೀರು ಹತ್ತಿರ.

ಬೆಕ್ಕಿನ ವಿಷಯ ಏನು ಬರೆಯಲಿ? ಆ ಬೆಳಗ್ಗೆ ಬಹಳ ಗಡಿಬಿಡಿಯಾಯಿತು. ಲಾರಿಯವನು ನಿಲ್ಲಲಿಲ್ಲ. ಬಿಜಲಿಯನ್ನು ನೀನು ನೋಡಿಕೊಳ್ಳುತ್ತಿ ಎಂದು ತಿಳಿದು ನನ್ನ ಎದೆ ತಣ್ಣಗಾಯಿತು.

ಕೆಂಚಿಯನ್ನು ಹುಡುಕಿ ದಣಿಯಬೇಡ. ಅವಳು ಎಲ್ಲೋ ಹಾಲು ಕುಡಿದು ಸುಖವಾಗಿಯೇ ಇರುತ್ತಾಳೆ ಎಂದು ನನಗನಿಸುತ್ತದೆ.

ನಿನ್ನ,
ಚಮನಬಿ


ಸವಣೂರು
20-10-1957

ಚಮನಬಿಗೆ,

ಕೆಂಚಿ ಸುಖವಾಗಿರುತ್ತಾಳೆ ಎಂದು ಬರೆದಿದ್ದಿ. ಹಾನಗಲ್ಲಿನಲ್ಲಿ ಕೂತು ನಿನಗೆ ಹೇಗೆ ಗೊತ್ತು ಅದು? ಬಾಯಿ ಮಾತಿನ ಸಮಾಧಾನ ನನಗೆ ಬೇಡ.

ಬಿಜಲಿಯ ಸುದ್ದಿ ಹೇಳುತ್ತೇನೆ. ಮೊದಲ ವಾರ ತೆಂಗಿನ ಪರಟೆಯಲ್ಲಿ ಹಾಲು ಹಾಕಿ, ರೊಟ್ಟಿ ಮುರಿದು ನೆನೆಸಿ, ನಿಮ್ಮ ಹೊಸ್ತಿಲ ಮೇಲಿಟ್ಟು ದೂರ ಬಂದು ಕೂತೆ. ನಾನಿರುವವರೆಗೆ ಅವಳು ಇಳಿಯಲಿಲ್ಲ. ಎರಡನೆಯ ವಾರ ನನ್ನ ಬೆನ್ನು ಮಾತ್ರ ಕಾಣುವ ಹಾಗೆ ಕೂತೆ. ಆಗ ಇಳಿದಳು. ಆಮೇಲೆ ದಿನಕ್ಕೊಂದು ಗೇಣು ಪರಟೆಯನ್ನು ನಮ್ಮ ಗೋಡೆಯ ಕಡೆಗೆ ಸರಿಸಿದೆ. ನಾವಿಬ್ಬರು ಮಜ್ಜಿಗೆ, ಮೆಣಸಿನಕಾಯಿ ದಾಟಿಸುತ್ತಿದ್ದ ಹಿತ್ತಲ ಗೋಡೆಯ ಕಿಂಡಿ ಇದೆಯಲ್ಲ, ಈಗ ಅಲ್ಲಿಯವರೆಗೆ ಬಂದಿದ್ದಾಳೆ.

ಕಿಂಡಿಯ ಈ ಕಡೆ ಕರಿಯವ್ವ ಕೂತಿರುತ್ತಾಳೆ. ಸೊಸೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ ತಪ್ಪು ಹುಡುಕುವ ಅತ್ತೆಯರಿರುತ್ತಾರಲ್ಲ, ಅದೇ ಮುಖ. ಬಿಜಲಿಯ ಮೂಗು ಕಂಡರೆ ಸಾಕು, ಬಾರಿಸುತ್ತಾಳೆ. ಇನ್ನೊಂದು ಬೆಕ್ಕು ಗುಂಡ ಜಗಳಕ್ಕೆ ಬರುವುದಿಲ್ಲ, ಅವನಿಗೆ ಉಂಡು ಮಲಗುವುದೇ ಕೆಲಸ. ನಾನೊಂದು ಉಪಾಯ ಮಾಡಿದ್ದೇನೆ. ಬಿಜಲಿ ಕೂತೆದ್ದ ಗೋಣಿತಟ್ಟನ್ನು ತಂದು ಇವರಿಬ್ಬರ ಊಟದ ಕೆಳಗೆ ಹಾಸುತ್ತೇನೆ. ಹಸಿವಾದಾಗ ಅವಳ ವಾಸನೆಯ ಮೇಲೆಯೇ ನಿಂತು ತಿನ್ನಬೇಕು. ಮೊದಲ ದಿನ ಕರಿಯವ್ವ ಉಪವಾಸ ಮಾಡಿದಳು. ಎರಡನೆಯ ದಿನ ಉಂಡಳು.

ಯಜಮಾನರು ತೋಟದಿಂದ ಬಂದವರೇ ನಗುತ್ತಾರೆ. "ಏನವಾ, ನನ್ನ ರೊಟ್ಟಿಗೆ ಹಾಲಿಲ್ಲ, ಓಣ್ಯಾಗಿನ ಬೆಕ್ಕಿಗೆ ಕೆನಿ ಹಾಲು?" ಎಂದರು. "ನೀವೂ ಒಂದ್ ತಿಂಗಳಾ ಅಟ್ಟದ ಮ್ಯಾಲೆ ಕುಂತ್ರ ನಿಮಗೂ ಹಾಕ್ತೇನಿ" ಎಂದೆ.

ನೀನು ಎರಡು ಕೆಲಸ ಮಾಡಬೇಕು. ಬೀಬಿ ಆಯಿ ಬಿಜಲಿಯನ್ನು ಹೇಗೆ ಕರೆಯುತ್ತಿದ್ದರು ಎಂದು ಸರಿಯಾಗಿ ಕೇಳಿ ಬರಿ. ಮತ್ತು ಆಯಿ ಉಟ್ಟು ಹಳೆಯದಾದ ಸೀರೆಯ ಒಂದು ತುಂಡು ಕಳಿಸು. ತೊಳೆಯಬೇಡ. ಅದನ್ನು ಸೇರಿಸಿ ಒಂದು ಸಣ್ಣ ಕೌದಿ ಹೊಲಿದು ಬಿಜಲಿಗೆ ಹಾಸುತ್ತೇನೆ. ಆಯಿಯ ಮೈವಾಸನೆ ಇರುವ ಕಡೆ ಅವಳು ಬಂದೇ ಬರುತ್ತಾಳೆ.

ಇಂತಿ,
ಶೇಖವ್ವ


ಹಾನಗಲ್ಲು
11-11-1957

ಶೇಖಕ್ಕನಿಗೆ ಸಲಾಂ.

ಅತ್ತೆಯ ಹಸಿರು ಸೀರೆಯ ಸೆರಗು ಕಳಿಸಿದ್ದೇನೆ. ನೀನು ಹೇಳಿದಂತೆ ತೊಳೆದಿಲ್ಲ. ಅತ್ತೆ ಪರಟೆಯ ಅಂಚಿಗೆ ಬಳೆಯಿಂದ ಎರಡು ಸಲ ಬಡಿದು, ತಡೆದು, ಮತ್ತೊಂದು ಸಲ ಬಡಿಯುತ್ತಿದ್ದರಂತೆ. ಹೆಸರು ಕರೆಯುತ್ತಿರಲಿಲ್ಲ.

ನಿನ್ನ ಕೈಯಲ್ಲಿ ಆಗದ ಕೆಲಸ ಯಾವುದಿದೆ? ಬಿಜಲಿ ಬಂದಾಳು.

ನಿನ್ನ,
ಚಮನಬಿ


ಸವಣೂರು
18-11-1957

ಚಮನಬಿ,

ನಿನ್ನೆ ಪಾರ್ಸಲ್ ಬಂತು. ಪಡಸಾಲೆಯಲ್ಲಿ ಬಿಚ್ಚಿದೆ. ಸೀರೆ ಹೊರಗೆ ತೆಗೆಯುವುದೇ ತಡ, ಮಲಗಿದ್ದ ಕರಿಯವ್ವ ಎದ್ದು ಓಡಿ ಬಂದಳು. ಮೂಸಿದಳು. ಸೀರೆಯ ಸುತ್ತ ತಿರುಗಿದಳು, ಬಾಗಿಲಿಗೆ ಹೋಗಿ ಕೂಗಿದಳು, ಮತ್ತೆ ಬಂದಳು. ಮರಿ ಹಾಕಿದಾಗ ಮಾತ್ರ ತೆಗೆಯುವ ಸಣ್ಣ ದನಿ ಇದೆಯಲ್ಲ, ಆ ದನಿ. ಕಡೆಗೆ ಆ ಸೆರಗನ್ನು ಎರಡೂ ಕೈಯಿಂದ ತುಳಿದು ತುಳಿದು ಅದರ ಮೇಲೆ ಮಲಗಿದಳು. ಈ ಹೊತ್ತಿನವರೆಗೆ ಎದ್ದಿಲ್ಲ.

ಕರಿಯವ್ವ ಬೀಬಿ ಆಯಿಯನ್ನು ಎಂದೂ ಹಚ್ಚಿಕೊಂಡವಳಲ್ಲ. ನಾನು ಸೆರಗನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ತುಂಬ ಹಳದಿ ಕೂದಲು. ಬಿಜಲಿಯ ಕೂದಲು ಬೂದಿ ಬಣ್ಣ.

ಕೆಂಚಿ ನಿನ್ನ ಮನೆಯಲ್ಲಿದ್ದಾಳೆ. ಹೌದೋ ಅಲ್ಲವೋ, ಅಷ್ಟು ಬರಿ. ಬೇರೆ ಏನೂ ಬೇಡ.

ಶೇಖವ್ವ


ಹಾನಗಲ್ಲು
26-11-1957

ಶೇಖಕ್ಕ,

ಹೌದು.

ಬೇರೆ ಏನೂ ಬೇಡ ಎಂದಿದ್ದಿ, ಆದರೂ ಬರೆಯುತ್ತೇನೆ. ಓದದೆ ಒಲೆಗೆ ಹಾಕಿದರೂ ಸರಿಯೇ.

ಬೆಕ್ಕನ್ನು ಮನೆ ಬದಲಿಸುವ ರೀತಿ ನಮಗೆ ಹೇಳಿಕೊಟ್ಟವಳು ನೀನು. ಹತ್ತಿಮತ್ತೂರಿನ ನಿನ್ನ ತವರಿನಿಂದ ಕರಿಯವ್ವನನ್ನು ತಂದ ಕಥೆಯನ್ನು ನಮ್ಮ ಕಟ್ಟೆಯ ಮೇಲೆ ಕೂತು ಹತ್ತು ಸಲ ಹೇಳಿದ್ದಿ. ಚೀಲದ ಬಾಯಿ ಕಟ್ಟಬೇಕು, ಹಾದಿ ತೋರಿಸಬಾರದು, ಹೆಸರು ಹಿಡಿದು ಕರೆಯಬಾರದು, ಎಷ್ಟು ಕೂಗಿದರೂ ಬಿಚ್ಚಿ ನೋಡಬಾರದು, ಹೊಸ ಮನೆಯ ಒಲೆಯ ಮುಂದೆ ಮೂರು ಸುತ್ತು ತಿರುಗಿಸಿಯೇ ಬಿಚ್ಚಬೇಕು, ಇಲ್ಲದಿದ್ದರೆ ತಿರುಗಿ ಹಳೆಯ ಮನೆಗೆ ಓಡುತ್ತದೆ ಎಂದು. ನಾವು ಒಂದನ್ನೂ ತಪ್ಪಿಸಲಿಲ್ಲ. ನಸುಕಿನಲ್ಲಿ ಇವರು ಒಲೆಯ ಬೂದಿಯಲ್ಲಿ ಮಲಗಿದ್ದ ಬೆಕ್ಕನ್ನು ಎತ್ತಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಕೂತರು. ಶಿಗ್ಗಾಂವಿ ದಾಟುವವರೆಗೂ ಅದು ಕೂಗುತ್ತಲೇ ಇತ್ತು, ನಾವು ಬಾಯಿ ಮುಚ್ಚಿಕೊಂಡೇ ಕೂತೆವು. ಇಲ್ಲಿ ಬಂದು ಮೂರು ಸುತ್ತು ತಿರುಗಿಸಿ ಬಿಚ್ಚಿದರೆ ನಿನ್ನ ಕೆಂಚಿ ಹೊರಗೆ ಬಂದಳು.

ಇವರು ತಲೆ ಮೇಲೆ ಕೈ ಹೊತ್ತು ಕೂತರು. ಅಷ್ಟರಲ್ಲಿ ಅತ್ತೆ ಕೈ ಚಾಚಿ ಅವಳನ್ನು ತೊಡೆಗೆ ಎಳೆದುಕೊಂಡು "ಬಿಜಲೀ" ಎಂದರು. ಕೆಂಚಿ ಅಲ್ಲೇ ಮುದುಡಿ ಮಲಗಿದಳು. ಕಣ್ಣಿಲ್ಲದ ಮುದುಕಿಗೆ ಇದು ನಿಮ್ಮ ಬೆಕ್ಕಲ್ಲ ಎಂದು ನಾನು ಯಾವ ಬಾಯಿಂದ ಹೇಳಲಿ? ಊರು ಬಿಡಿಸಿ ತಂದಿದ್ದೇ ಸಾಕಾಗಿತ್ತು. ಈವರೆಗೂ ಹೇಳಿಲ್ಲ. ನಿನ್ನ ಪತ್ರ ಓದುವಾಗಲೂ ಬೆಕ್ಕಿನ ಮಾತು ಬಂದಲ್ಲಿ ಸಾಲು ಹಾರಿಸುತ್ತೇನೆ. ಅವರು ಕರೆಯುತ್ತಿದ್ದ ರೀತಿಯನ್ನೂ ಮಾತಿನ ನಡುವೆ ಮಾತು ತೆಗೆದು ಕೇಳಿಕೊಂಡೆ.

ನಿನಗೆ ಹೇಳಲಿಕ್ಕೆ ಹೆದರಿಕೆ. ನೀನು ಬಾಗಿಲು ಹಾಕಿಕೊಂಡಿದ್ದಿ. ಹಾಕಿದ ಬಾಗಿಲ ಮುಂದಿನಿಂದ ನಿನ್ನ ಬೆಕ್ಕನ್ನು ಕದ್ದೊಯ್ದ ಹಾಗಾಯಿತು. ಮನೆ ಮಾರಿದ್ದನ್ನು ಯಾಕೆ ಮುಚ್ಚಿಟ್ಟೆ, ಅದನ್ನೂ ಈಗಲೇ ಹೇಳುತ್ತೇನೆ. ಹೇಳಿದ್ದರೆ ನೀನು ಹೋಗಬೇಡ ಅನ್ನುತ್ತಿದ್ದಿ. ನೀನು ಹೋಗಬೇಡ ಅಂದಿದ್ದರೆ ನನ್ನ ಕಾಲು ಮೇಲೇಳುತ್ತಿರಲಿಲ್ಲ. ಅಲ್ಲಿ ಇವರಿಗೆ ಕೆಲಸವಿರಲಿಲ್ಲ, ಅಕ್ಕ.

ಬಿಜಲಿ ನಿನ್ನ ಕೈಗೆ ಸಿಕ್ಕ ಮೇಲೆ ತಿಳಿಸು. ಶಿಗ್ಗಾಂವಿ ಬಸ್ ಸ್ಟ್ಯಾಂಡಿಗೆ ಕೆಂಚಿಯನ್ನು ತರುತ್ತೇನೆ. ಅಲ್ಲೇ ಬದಲಿ ಮಾಡಿಕೊಳ್ಳೋಣ.

ತಪ್ಪಿತಸ್ಥೆ,
ಚಮನಬಿ


ಹಾನಗಲ್ಲು
30-12-1957

ಶೇಖಕ್ಕ,

ತಿಂಗಳ ಮೇಲಾಯಿತು. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಗುದ್ಲೆಪ್ಪ ಮನೆ ಕೆಡವಿದನೋ ಇಲ್ಲವೋ, ಬಿಜಲಿ ಇದ್ದಾಳೋ ಇಲ್ಲವೋ, ಒಂದು ಕಾರ್ಡು ಹಾಕು.

ಚಮನಬಿ


ಸವಣೂರು
24-1-1958

ಚಮನಬಿಗೆ,

ನೀನು ಮನೆ ಮಾರಿದ್ದನ್ನು ಹೇಳಲಿಲ್ಲ, ಬೆಕ್ಕು ಒಯ್ದದ್ದನ್ನೂ ಹೇಳಲಿಲ್ಲ. ಒಂದೇ ತಪ್ಪನ್ನು ಎರಡು ಸಲ ಮಾಡಿದ್ದಿ. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಕಾಗದ ಹರಿದೆ. ಈಗ ಕೆಲಸ ಮುಗಿದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಸಂಕ್ರಾಂತಿ ಆದ ನಾಲ್ಕನೆಯ ದಿನ ಗುದ್ಲೆಪ್ಪ ಆರು ಆಳುಗಳನ್ನು ಕರೆದುಕೊಂಡು ಬಂದ. ಬಿಜಲಿ ಇನ್ನೂ ಅಟ್ಟದ ಮೇಲಿದ್ದಳು. ಕಿಂಡಿಯವರೆಗೆ ಬರುತ್ತಿದ್ದಳು, ಕರಿಯವ್ವನನ್ನು ಕಂಡು ತಿರುಗುತ್ತಿದ್ದಳು. ನಿನ್ನ ಮೇಲಿನ ಸಿಟ್ಟಿಗೆ ಆ ಸೆರಗನ್ನು ಪೆಟ್ಟಿಗೆಗೆ ಹಾಕಿಟ್ಟವಳು ಸಂಕ್ರಾಂತಿಗೇ ತೆಗೆದು ಕೌದಿ ಹೊಲಿದಿದ್ದೆ. ಮಾಳಿಗೆ ಮೇಲೆ ಮಣ್ಣು ಕೆದರುವ ಸನಿಕೆಯ ಸಪ್ಪಳ ಕೇಳಿದ ಕೂಡಲೇ ಕೌದಿಯನ್ನು ಬಗಲಲ್ಲಿಟ್ಟುಕೊಂಡು ನಿಮ್ಮ ಮನೆಯೊಳಗೆ ಹೋಗಿ ನಡುಮನೆಯಲ್ಲಿ ಕೂತೆ.

ಗುದ್ಲೆಪ್ಪ ಬಂದು, "ಮ್ಯಾಲಿಂದ ಮಣ್ಣ ಬೀಳ್ತದ, ಏಳ್ರಿ ಶೇಖಕ್ಕಾರ. ಒಂದ್ ಬೆಕ್ಕಿನ ಸಲುವಾಗಿ ಕೆಲಸಾ ನಿಲ್ಲಸಬೇಕೇನ್ರಿ?" ಎಂದ.

"ನಿಲ್ಲಸಬ್ಯಾಡ. ಆದ್ರ ಬೆಕ್ಕ ಸತ್ತರ ಬಂಗಾರದ ಬೆಕ್ಕ ಮಾಡಿಸಿ ದಾನಾ ಕೊಡಬೇಕಾಗ್ತದ. ಬಂಗಾರ ತಂದೀಯೇನು?" ಎಂದೆ.

"ನೀವ ಹಿಡದ್ ಚೀಲಕ್ಕ ಹಾಕ್ರಿ ಮತ್ತ. ನಮ್ಮ ಹುಡುಗರು ಹಿಡಕೊಡ್ತಾರ."

"ಚೀಲದ ಹೆಸರ ಎತ್ತಬ್ಯಾಡ. ಆಕಿ ತನ್ನ ಕಾಲಿಲೆ ನಡದ್ ಬರ್ತಾಳ. ಅಲ್ಲೀತನಕ ನಾನೂ ಏಳಾಂಗಿಲ್ಲ."

ಆಳುಗಳು ಸನಿಕೆ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಂಡರು. ನಾನು ಪರಟೆಗೆ ಬಳೆಯಿಂದ ಎರಡು ಸಲ ಬಡಿದು, ತಡೆದು, ಮತ್ತೊಂದು ಸಲ ಬಡಿದೆ. ಹೊತ್ತು ನೆತ್ತಿಗೆ ಬಂತು. ಮತ್ತೆ ಬಡಿದೆ. ತಲೆ ತುಂಬ ಮಣ್ಣು, ಸೊಂಟ ಹಿಡಿದುಹೋಗಿತ್ತು. ಒಮ್ಮೆ ಅಳುವೂ ಬಂತು, ನಿನ್ನ ಮೇಲಿನ ಸಿಟ್ಟಿಗೆ. ಊಟದ ಹೊತ್ತು ಮೀರಿದ ಮೇಲೆ ಅವಳು ಇಳಿದು ಬಂದು ಕೌದಿ ಮೂಸಿದಳು. ಆಯಿಯ ಸೆರಗು ಹೊಲಿದ ಜಾಗ ಹುಡುಕಿ ಅದಕ್ಕೆ ತಲೆ ತಿಕ್ಕಿದಳು, ಮೈಯೆಲ್ಲ ಉರುಳಿಸಿದಳು. ನಾನು ಎದ್ದು ಪರಟೆ ಹಿಡಿದು ಹಿತ್ತಲ ಕಡೆ ನಡೆದೆ. ಹಿಂದೆ ನೋಡಲಿಲ್ಲ. ಕಿಂಡಿಯ ಹತ್ತಿರ ನೋಡಿದರೆ ನನ್ನ ಹಿಂದೆಯೇ ಇದ್ದಳು.

ಕಿಂಡಿಯ ಆ ಕಡೆ ಕರಿಯವ್ವ ಕೂತಿದ್ದಳು. ಇನ್ನು ಬಾರಿಸುತ್ತಾಳೆ ಎಂದುಕೊಂಡೆ. ಅವಳು ಬಿಜಲಿಯ ಕುತ್ತಿಗೆ ಮೂಸಿದಳು, ಬಹಳ ಹೊತ್ತು ಮೂಸಿದಳು. ಬಿಜಲಿಯ ಮೈಗೆ ಆ ಸೆರಗಿನಿಂದ ಕೆಂಚಿಯ ವಾಸನೆ ಹತ್ತಿತ್ತು. ಕರಿಯವ್ವ ಎದ್ದು ದಾರಿ ಬಿಟ್ಟಳು. ನಾಲ್ಕು ತಿಂಗಳು ನಾನು ಗೋಣಿತಟ್ಟು ಹಾಸಿ ಮಾಡಲಾಗದ ಕೆಲಸವನ್ನು ನಿನ್ನ ಕಳ್ಳತನದ ಸೀರೆ ಮಾಡಿತು. ಇದನ್ನು ಬರೆಯಲಿಕ್ಕೆ ನನಗೆ ಮನಸ್ಸಿಲ್ಲ, ಆದರೂ ನಡೆದದ್ದು ನಡೆದ ಹಾಗೆ ಬರೆಯಬೇಕು.

ಈಗ ಬಿಜಲಿ ನಮ್ಮ ಅಡುಗೆಮನೆಯಲ್ಲಿದ್ದಾಳೆ. ಗುಂಡನ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಾಳೆ. ನನ್ನ ಕೈ ಮಾತ್ರ ಇನ್ನೂ ಸೋಕಿಸಿಕೊಂಡಿಲ್ಲ. ಅದಕ್ಕೆ ಶಿಗ್ಗಾಂವಿಯ ಬದಲಿ ಮಾತು ಬಿಡು. ಇಷ್ಟು ಪಾಡು ಪಟ್ಟ ಮೇಲೆ ಅವಳನ್ನು ಚೀಲಕ್ಕೆ ಹಾಕುವವಳು ನಾನಲ್ಲ.

ಆದರೆ ಕೆಂಚಿ ನನ್ನವಳು. ಶಿವರಾತ್ರಿ ಆದ ಮೇಲೆ ಹಾನಗಲ್ಲಿಗೆ ಬರುತ್ತೇನೆ, ಖಾಲಿ ಚೀಲ ಹಿಡಿದೇ ಬರುತ್ತೇನೆ. ಅಷ್ಟರೊಳಗೆ ಆಯಿಗೆ ನಿಜ ಹೇಳಿಡು. ಇದನ್ನಾದರೂ ಹೇಳು.

ಇಂತಿ,
ಶೇಖವ್ವ


ಹಾನಗಲ್ಲು
6-2-1958

ಶೇಖಕ್ಕನಿಗೆ ಸಲಾಂ.

ನಿನ್ನ ಪತ್ರ ಬಂದು ಮೂರು ದಿನ ನನ್ನಿಂದ ಹೇಳಲಾಗಲಿಲ್ಲ. ನಾಲ್ಕನೆಯ ದಿನ ಅತ್ತೆ ಬಿಸಿಲಿಗೆ ಕೂತಿದ್ದರು. ಕೆಂಚಿ ತೊಡೆಯ ಮೇಲಿದ್ದಳು. ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಶೇಖಕ್ಕ ಚೀಲ ತರುತ್ತಾಳೆ ಎಂದೂ ಹೇಳಿದೆ.

ಅತ್ತೆ ಕೆಂಚಿಯ ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುತ್ತೇನೆ.

"ನನಗ ಕಣ್ಣಿಲ್ಲ, ತೊಡಿ ಐತೆಲ್ಲ. ಲಾರಿಯಾಗ ಚೀಲಾ ಇಟ್ಕೊಂಡಾಗನ ಗೊತ್ತಾತು. ನಮ್ಮ ಬಿಜಲಿ ಇದರ ಅರ್ಧ ಇಲ್ಲ. ಇಷ್ಟ ದಪ್ಪ ಮಾಡಿ ಸಾಕೂದು ಶೇಖವ್ವ ಒಬ್ಬಾಕಿನ."

"ಗೊತ್ತಿದ್ದೂ ಯಾಕ ಸುಮ್ಮನಾದ್ರಿ ಅತ್ತಿ? ಲಾರಿ ತಿರುಗಸ್ತಿದ್ವಲ್ಲ" ಎಂದೆ.

"ತಿರುಗಿಸಿ ಏನ್ ಮಾಡ್ತಿದ್ದಿ? ಬೆಕ್ಕ ಗ್ವಾಡಿ ಮ್ಯಾಲೆ ಇಟ್ಟ್ ಬರ್ತಿದ್ದಿ. ಆಕಿ ಬಾಗಲಾ ಹಾಕ್ಕೊಂಡಿದ್ಲು, ನೀ ಬಾಯಿ ಹಾಕ್ಕೊಂಡಿದ್ದಿ. ಅಲ್ಲಿಗೆ ಮುಗೀತಿತ್ತು. ಆಕೀದೊಂದು ನಮ್ಮ ಕಡೆ ಇದ್ರ ಬೈಯಾಕಾದ್ರೂ ಬರ್ತಾಳ ಅಂದಕೊಂಡೆ. ಬಿಜಲಿ ಚಿಂತಿ ನನಗಿರಲಿಲ್ಲ. ಶೇಖವ್ವನ ಗ್ವಾಡಿ ಮಗ್ಗಲದಾಗ ಯಾವ ಜೀವಾನೂ ಉಪವಾಸ ಇರಾಂಗಿಲ್ಲ."

ಆಮೇಲೆ ಕೆಂಚಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಆಕಿ ಬಂದ ಕೂಡ್ಲೆ ಕೊಟ್ಟಬಿಡು. ಆಕೀದು ಆಕೀಗೆ" ಎಂದರು. ಅಷ್ಟು ಹೇಳಿ ಒಳಗೆ ಹೋದರು. ಕೆಂಚಿ ನನ್ನ ಕೈಯಿಂದ ಜಿಗಿದು ಅವರ ಹಿಂದೆಯೇ ಹೋದಳು.

ನಿನಗಾಗಿ ತೆಗೆದಿಟ್ಟ ಮಾತು ಬೇರೆ ಯಾವುದೂ ನನ್ನ ಹತ್ತಿರ ಉಳಿದಿಲ್ಲ. ಬಾ.

ನಿನ್ನ,
ಚಮನಬಿ


ಸವಣೂರು
14-2-1958

ಚಮನಬಿಗೆ,

ನಿನ್ನ ಪತ್ರವನ್ನು ಯಜಮಾನರಿಗೆ ಓದಿ ಹೇಳಿದೆ. ಅರ್ಧಕ್ಕೆ ನನಗೆ ಓದಲಾಗಲಿಲ್ಲ, ಉಳಿದದ್ದನ್ನು ಅವರೇ ಓದಿಕೊಂಡರು. "ಆ ಮುದುಕಿ ನಿನಗ ಬರೋಬರಿ ಜೋಡಿ" ಎಂದು ನಕ್ಕರು.

ಬಿಜಲಿ ಮೊನ್ನೆ ನನ್ನ ಕೈ ಮೂಸಿದಳು. ನಿನ್ನೆ ಹರಿದ ಕಿವಿಯ ಹಿಂದೆ ಕೆರೆಯಲು ಬಿಟ್ಟಳು. ಆಯಿಗೆ ಹೇಳು.

ಹಳೆಯ ಕೌದಿಯನ್ನು ಬಿಜಲಿ ಬಿಟ್ಟು ಕೊಡುವುದಿಲ್ಲ. ಆಯಿಗೆ ಇನ್ನೊಂದು ಹೊಲಿದಿದ್ದೇನೆ. ಐದು ದಿನದಿಂದ ಬಿಜಲಿ, ಕರಿಯವ್ವ ಇಬ್ಬರನ್ನೂ ಅದರ ಮೇಲೆಯೇ ಮಲಗಿಸುತ್ತಿದ್ದೇನೆ. ಅದನ್ನು ನಾನೂ ತೊಳೆದಿಲ್ಲ. ಕೆಂಚಿ ಅದರಲ್ಲಿ ತಾಯಿಯನ್ನು ಮೂಸಲಿ, ಆಯಿ ಬಿಜಲಿಯ ಕೂದಲನ್ನು ಕೈಯಾಡಿಸಿ ನೋಡಲಿ.

ಗುರುವಾರ ಬೆಳಗಿನ ಬಸ್ಸಿಗೆ ಹತ್ತಿ ಶಿಗ್ಗಾಂವಿಯಲ್ಲಿ ಬಸ್ ಬದಲಿಸಿ ಬರುತ್ತೇನೆ. ಬಂದ ಕೂಡಲೇ ಇಬ್ಬರನ್ನೂ ಬೈಯುತ್ತೇನೆ, ಮೊದಲು ಆಯಿಯನ್ನು, ಆಮೇಲೆ ನಿನ್ನನ್ನು. ಎರಡು ದಿನಕ್ಕೆ ಸಾಕಾಗುವಷ್ಟು ಬೈಗುಳ ಇದೆ, ಎರಡು ದಿನ ಇರುತ್ತೇನೆ. ಬಾಗಿಲು ತೆರೆದಿಡು.

ಚೀಲ ತರುವುದಿಲ್ಲ.

ನಿನ್ನ ಅಕ್ಕ,
ಶೇಖವ್ವ